ಎಲ್ಲಿ ಬಾಯಾರುತ್ತದೆ?

ಹಿಂದೆ ಹಳ್ಳಿಯ ಹಿರಿಯರನ್ನು ‘ಆ ಊರು ಎಷ್ಟು ದೂರ?’ ಎಂದು ಕೇಳಿದರೆ ‘ಒಂದು ಹರದಾರಿ’ ಎನ್ನುತ್ತಿದ್ದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಈಗಿನ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ದೂರದ ಪಯಣವಾದರೆ ‘ಇಷ್ಟು ಮಜಲು’ ಎಂಬ ಲೆಕ್ಕ. ಮಜಲು ಎಂದರೆ ನಡೆಯುವ ದೂರವೂ ಹೌದು, ನಡೆದು ತಂಗುವ ಜಾಗವೂ ಹೌದು. ದಾರಿ ಅಳೆಯುವ ಮಾತಿನಲ್ಲೇ ಕೂತು ಸುಧಾರಿಸಿಕೊಳ್ಳುವುದೂ ಸೇರಿತ್ತು. ಕಿಲೋಮೀಟರಿಗೆ ಆ ಗುಣವಿಲ್ಲ.

ಮಾಗಡಿ ತಾಲ್ಲೂಕಿನ ಕುದೂರಿನಿಂದ ಹುಲಿಕಲ್‌ಗೆ ಒಮ್ಮೆ ನಡೆದು ಹೋಗಿದ್ದೆ. ದೂರ ಹೆಚ್ಚುಕಡಿಮೆ ಅದೇ ಒಂದು ಹರದಾರಿ. ಚೀಲದಲ್ಲಿ ಎರಡು ಲೀಟರಿನ ಬಾಟಲಿ. ಬಾಯಾರಿದಾಗಲೆಲ್ಲ ನಡೆಯುತ್ತಲೇ ಮುಚ್ಚಳ ತೆಗೆದು ಗುಟುಕರಿಸಿದೆ. ಅರ್ಧ ದಾರಿಗೆ ನೀರು ಬಿಸಿಯಾಯಿತು, ಕಾಲೂ ಸೋತಿತು. ಆಗ ತಲೆ ಎತ್ತಿ ನೋಡಿದೆ: ಅಷ್ಟು ಹೊತ್ತೂ ಆಲದ ನೆರಳಿನಲ್ಲೇ ಬಂದಿದ್ದೇನೆ, ಒಂದು ಬುಡದಲ್ಲೂ ಕೂತಿಲ್ಲ! ಕೈಯಲ್ಲಿ ಬಾಟಲಿ ಇದ್ದವನಿಗೆ ನಿಲ್ಲಲು ನೆಪ ಬೇಕಲ್ಲ.

ಆ ಆಲಗಳು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನೆಟ್ಟವು. 385 ಮರಗಳು ಎಂದು ಲೆಕ್ಕ ಹೇಳುತ್ತಾರೆ. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು ನಿಮಗೆ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಹೊತ್ತ ನೀರು. ಕೂಲಿ ಮಾಡುವ ದಂಪತಿ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿ, ಬಿಂದಿಗೆಯಲ್ಲಿ ನೀರು ಹೊತ್ತು, ಅದೇ ರಸ್ತೆಯಲ್ಲಿ ನಡೆದು ಉಣಿಸಿದರು. ಯಾವ ತಿರುವಿನಲ್ಲಿ ಬಿಸಿಲು ಸುಡುತ್ತದೆ ಎಂಬುದನ್ನು ಅವರಿಗೆ ಯಾರೂ ನಕ್ಷೆ ಬರೆದು ತೋರಿಸಬೇಕಾಗಿರಲಿಲ್ಲ.

ಸಾಮ್ರಾಟ ಅಶೋಕನೂ ತನ್ನ ಏಳನೆಯ ಸ್ತಂಭಶಾಸನದಲ್ಲಿ ಈ ಮಾತು ಎತ್ತುತ್ತಾನೆ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲ ನೆಡಿಸಿದ್ದು, ಬಾವಿ ತೋಡಿಸಿದ್ದು, ಅರವಟ್ಟಿಗೆ ಇಡಿಸಿದ್ದು ಎಲ್ಲವನ್ನೂ ಹೇಳಿ, ಇದೇನೂ ದೊಡ್ಡದಲ್ಲ, ಹಿಂದಿನ ಅರಸರೂ ಮಾಡಿದ್ದಾರೆ ಎನ್ನುತ್ತಾನೆ. ಧರ್ಮವನ್ನು ಹರಡುವುದು ಅವನಿಗೆ ಹೆಚ್ಚಿನದು. ಇರಬಹುದು. ಆದರೆ ಚೈತ್ರದ ಮಧ್ಯಾಹ್ನ ಹನ್ನೆರಡು ಗಂಟೆಗೆ ನಡೆಯುತ್ತಿರುವವನನ್ನು ಕೇಳಿದರೆ ಅವನ ಉತ್ತರ ಬೇರೆಯೇ ಆದೀತು.

ಅರವಟ್ಟಿಗೆಯಲ್ಲಿ ಕೊಡುವುದು ಬರೀ ನೀರಲ್ಲ. ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರುಮಜ್ಜಿಗೆ. ಬೆಲ್ಲ, ಏಲಕ್ಕಿ, ಕಾಳುಮೆಣಸಿನ ಪಾನಕ. ಬೆವರಿನೊಡನೆ ಉಪ್ಪೂ ಹೋಗುತ್ತದೆ, ನಡೆದರೆ ಕಸುವೂ ಕರಗುತ್ತದೆ. ಮಜ್ಜಿಗೆ ಒಂದನ್ನು ತುಂಬುತ್ತದೆ, ಬೆಲ್ಲ ಇನ್ನೊಂದನ್ನು. ಕರಾವಳಿಯ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲದ ತುಂಡು, ನೀರು; ಆಮೇಲೆ ಮಾತು. ಇನ್ನೊಂದು ವಿಷಯ: ಲೋಟ ಹಿಂತಿರುಗಿಸಬೇಕು. ಹಾಗಾಗಿ ಅಲ್ಲಿ ಎರಡು ನಿಮಿಷವಾದರೂ ನಿಲ್ಲಲೇಬೇಕು. ‘ಯಾವ ಊರು, ಎಲ್ಲಿಗೆ ಹೊರಟಿರಿ’ ಎಂಬ ಮಾತು ಹುಟ್ಟುವುದು ಆ ಎರಡು ನಿಮಿಷದಲ್ಲಿ.

ಇದು ಪೂರ್ತಿ ಹೋಗಿಬಿಟ್ಟಿತು ಎಂದು ನಾನು ಕೊರಗುವುದಿಲ್ಲ. ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರನ್ನು ನೋಡಿ. ದಾರಿಯುದ್ದಕ್ಕೂ ಊರವರು ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ಊಟ ಕೊಡುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಮುಲಾಮು ಹಚ್ಚುತ್ತಾರೆ. ಬಡಿಸುವವರನ್ನು ಮಾತನಾಡಿಸಿ, ಹಿಂದೊಂದು ವರ್ಷ ತಾವೂ ನಡೆದವರು ಸಿಗುತ್ತಾರೆ. ಆದರೆ ಜಾತ್ರೆಯಿಲ್ಲದ ದಿನ, ಹರಕೆಯಿಲ್ಲದೆ ಸುಮ್ಮನೆ ನಡೆಯುವವನಿಗೆ, ಸಂತೆಯಿಂದ ಹಿಂತಿರುಗುವ ಮುದುಕಿಗೆ, ಶಾಲೆಗೆ ಹೋಗುವ ಮಗುವಿಗೆ ಶಾಮಿಯಾನ ಇರುವುದಿಲ್ಲ.

ಬೇಸಿಗೆ ಬಂದಾಗ ಊರಿನ ಸಂಘದವರು ಬಸ್ ನಿಲ್ದಾಣದ ಎದುರಿಗೇ ಅರವಟ್ಟಿಗೆ ಇಡುತ್ತಾರೆ. ಬ್ಯಾನರು ಚೆನ್ನಾಗಿ ಕಾಣುತ್ತದೆ, ಪಕ್ಕದಲ್ಲೇ ಹೋಟೆಲೂ ಇರುತ್ತದೆ. ಈ ಸಲ ಹಾಗೆ ಮಾಡಬೇಡಿ. ಒಂದು ಭಾನುವಾರ ಬಾಟಲಿ ಬಿಟ್ಟು, ಪಕ್ಕದ ಊರಿಗೆ ಒಂದು ಹರದಾರಿ ನಡೆಯಿರಿ. ನಿಮಗೆ ಎಲ್ಲಿ ಬಾಯಿ ಒಣಗಿತೋ ಆ ಜಾಗ ಗುರುತಿಟ್ಟುಕೊಳ್ಳಿ. ಮರುದಿನ ಅಲ್ಲಿ ಮಣ್ಣಿನ ಗಡಿಗೆಯೊಂದನ್ನು ಇಟ್ಟು ಬನ್ನಿ. ಪಕ್ಕದಲ್ಲಿ ದನಕರುಗಳಿಗೂ ಒಂದು ತೊಟ್ಟಿ.