ಕೆಂಪು ದೀಪ ಹತ್ತಿದರೆ ಏನು ಮಾಡತಕ್ಕದ್ದು?

(ಸಂಘದ ತಿಂಗಳ ಸಭೆಯಲ್ಲಿ, ಟ್ಯಾಕ್ಸಿ ನಡೆಸುವ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ಹೋಟೆಲಿನವರ, ಗಿರಣಿಯವರ ಸಂಘದಲ್ಲಿ ಮೋಟಾರಿನ ಮಾತೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದ್ದು ನಮ್ಮ ಕಿವಿಗೂ ಬಿತ್ತು. ಕೇಳತಕ್ಕ ಪ್ರಶ್ನೆಯೇ. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಆಮೇಲಿನ ವರ್ಷಗಳಲ್ಲಿ ಒಂದೊಂದೇ ಗಿರಣಿಯ ಭೋಂಗಾ ನಿಂತುಹೋಯಿತು. ಅಂದು ಕೆಲಸ ಕಳೆದುಕೊಂಡ ನಮ್ಮವರಲ್ಲಿ ಕೆಲವರು ಊರಿಗೆ ಹೋದರು, ಕೆಲವರು ಹೋಟೆಲು ಸೇರಿದರು, ಕೆಲವರು ಸ್ಟೀರಿಂಗು ಹಿಡಿದರು. ಈಗ ಅವರ ಮಕ್ಕಳು ಹಿಡಿದಿದ್ದಾರೆ. ಗಾಡಿ ಇನ್ನೂ ತಮ್ಮದಲ್ಲ, ಕಂತು ತೀರುವವರೆಗೂ ಸಾಲ ಕೊಟ್ಟವರದು. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ಕೂತರೆ ಆ ವಾರದ ಗಳಿಕೆ ಇಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಇದು ಮೋಟಾರಿನ ಮಾತಷ್ಟೇ ಅಲ್ಲ, ಊಟದ ಮಾತೂ ಹೌದು.

ಹಳೆಯ ಪದ್ಮಿನಿ ಟ್ಯಾಕ್ಸಿಯ ಕಾಲದಲ್ಲಿ ಡಿಕ್ಕಿಯಲ್ಲಿ ಒಂದು ನೀರಿನ ಕ್ಯಾನು ಇದ್ದೇ ಇರುತ್ತಿತ್ತು. ಗಾಡಿ ಬಿಸಿಯಾಯಿತೆ, ಬದಿಗೆ ನಿಲ್ಲಿಸಿ, ಒಂದು ಬೀಡಿ ಸೇದಿ, ನೀರು ಹುಯ್ದು ಹೊರಟರಾಯಿತು. ಆ ಪದ್ಮಿನಿಯ ಕೊನೆಯ ಟ್ಯಾಕ್ಸಿಯ ಇಪ್ಪತ್ತು ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಗಾಡಿ ಹೋಯಿತು, ಆದರೆ ಹುಯ್ದು ಹೊರಡುವ ಅಭ್ಯಾಸ ಹೋಗಲಿಲ್ಲ. ಇಂದಿನ ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾಯ್ದರೆ ಅದು ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಹೀಗೆ ಆಗಲು ದಿನಗಟ್ಟಲೆ ಬೇಕಿಲ್ಲ, ಕೆಂಪು ದೀಪ ಹತ್ತಿದ ಮೇಲೆ "ಇನ್ನೊಂದು ಮೈಲಿ ಅಲ್ಲವೆ, ಸವಾರಿ ಮುಟ್ಟಿಸಿಬಿಡೋಣ" ಎನ್ನುವಷ್ಟು ಹೊತ್ತು ಸಾಕು. ನಮ್ಮ ಸದಸ್ಯರೊಬ್ಬರು, ಹೆಸರು ಬೇಡ, ಇಲ್ಲಿಯೇ ಕೂತಿದ್ದಾರೆ, ಖಂಡಾಲಾ ಘಾಟಿಯಲ್ಲಿ ಹಾಗೆಯೇ ಅಂದುಕೊಂಡು ಹೋಗಿ, ಎಂಜಿನ್ ಬಿಚ್ಚಿಸಿ, ಮನೆಯವರ ಬಳೆಗಳನ್ನು ಒತ್ತೆಯಿಟ್ಟು ಬಂದರು.

ಮೊದಲು ದೀಪವನ್ನು ಗುರುತಿಸಬೇಕು. ಅಲೆಗಳಲ್ಲಿ ಅದ್ದಿದ ಉಷ್ಣಮಾಪಕದ ಚಿತ್ರ ಅದು. ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಹಲವು ಸಣ್ಣ ಕಾರುಗಳಲ್ಲಿ ಅದೇ ಚಿತ್ರ ನೀಲಿ ಬಣ್ಣದಲ್ಲಿ ಹತ್ತುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂಬುದಷ್ಟೇ ಅದರ ಅರ್ಥ. ಕೆಂಪು ಹತ್ತಿದರೆ ಅಥವಾ ಮಿನುಗಿದರೆ ಶಾಖ ಮಿತಿ ಮೀರಿದೆ. ಕೆಲವು ಗಾಡಿಗಳಲ್ಲಿ ಮಾತ್ರ ಇನ್ನೊಂದು ದೀಪವುಂಟು, ಅದು ಶಾಖವನ್ನಲ್ಲ, ಡಬ್ಬಿಯಲ್ಲಿ ಕೂಲಂಟು ಇಳಿದಿದೆ ಎಂಬುದನ್ನು ಹೇಳುವಂಥದು. ನಿಮ್ಮ ಗಾಡಿಯಲ್ಲಿ ಯಾವುದು ಇದೆ ಎಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇಂದೇ ನೋಡಿಕೊಳ್ಳಿ. ಆ ಪುಸ್ತಕ ಬಹುಮಂದಿಯ ಗಾಡಿಯಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆ ಕೂಡ ಬಿಚ್ಚದೆ ಬಿದ್ದಿರುತ್ತದೆ.

ಒಳಗೆ ನಡೆಯುವುದೇನು? ಅಡಿಗೆಮನೆಯಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಎಂಜಿನ್ನಿನ ಸುತ್ತ ಕೂಲಂಟು ಸುತ್ತುತ್ತದೆ, ಅದನ್ನು ಪಂಪು ತಳ್ಳುತ್ತದೆ, ರೇಡಿಯೇಟರು ತಣಿಸುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು ಇದೆ. ಎಂಜಿನ್ ಸುಮಾರು 85 ಡಿಗ್ರಿಗೆ ಬರುವವರೆಗೆ ಅದು ಮುಚ್ಚಿರುತ್ತದೆ, ಆಮೇಲೆ ತೆರೆಯುತ್ತದೆ. ಇದೆಲ್ಲದರ ಮೇಲೆ ಒಂದು ಮುಚ್ಚಳ. ಅದು ಬರಿಯ ಮುಚ್ಚಳವಲ್ಲ, ನಿಮ್ಮ ಮನೆಯ ಕುಕ್ಕರಿನ ಸೀಟಿಯ ಕೆಲಸವನ್ನೇ ಮಾಡುತ್ತದೆ. ಒಳಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿಗೆ ನಿಲ್ಲುವುದರಿಂದ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120ರವರೆಗೆ ಕುದಿಯದೆ ಇರುತ್ತದೆ. ಕೂಲಂಟು ಬೆರೆತರೆ ಇನ್ನೂ ತುಸು ಮೇಲೆ. ಕುಕ್ಕರಿನ ಸೀಟಿ ಇಳಿಯುವ ಮೊದಲೇ ಮುಚ್ಚಳ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಗುರುತು ಹೊತ್ತ ಕೈಗಳು ಈ ಸಭೆಯಲ್ಲಿಯೇ ಎಷ್ಟೋ ಇವೆ. ಒತ್ತಡ ತಪ್ಪಿದ ಕ್ಷಣದಲ್ಲೇ ಒಳಗಿನದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎಂಬುದನ್ನು ನಾವು ಮೂರು ಸಲ ಬೇಕಾದರೂ ಹೇಳುತ್ತೇವೆ.

ಹಾಗಾದರೆ ಕೆಂಪು ದೀಪ ಹತ್ತಿದಾಗ ಮಾಡುವುದೇನು? ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರಾ ಬಿಸಿಗೆ ತಿರುಗಿಸಿ ಪಂಖ ಜೋರು ಮಾಡಿ. ಮೇ ತಿಂಗಳ ಮುಂಬಯಿಯಲ್ಲಿ ಹೀಟರೇ ಎಂದು ಸವಾರಿ ನಗಬಹುದು, ನಗಲಿ. ಹೀಟರೂ ಒಂದು ಚಿಕ್ಕ ರೇಡಿಯೇಟರೇ, ಎಂಜಿನ್ನಿನ ಶಾಖವನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಸುರಕ್ಷಿತ ಬದಿ ಕಂಡಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ. ಒಂದು ಗುಟ್ಟು ಹೇಳುತ್ತೇವೆ. ಎಂಜಿನ್ ಕಾಯ್ದಿದೆ, ಆದರೆ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಎಂದಾದರೆ ಕೂಲಂಟು ಸುತ್ತುತ್ತಿಲ್ಲ, ಅಥವಾ ಅಲ್ಲಿ ಇಲ್ಲವೇ ಇಲ್ಲ. ಬಾನೆಟ್ಟಿನಿಂದ ಹಬೆ ಬಂದರೂ ಹಾಗೆಯೇ. ಆಗ ಒಂದು ಮಾರು ಕೂಡ ಓಡಿಸಬಾರದು. ಕೆಂಪು ದೀಪದ ಜೊತೆ ಬ್ಯಾಟರಿಯ ದೀಪವೂ ಹತ್ತಿದ್ದರೆ ಬೆಲ್ಟು ಹರಿದಿರಬಹುದು. ಅನೇಕ ಗಾಡಿಗಳಲ್ಲಿ ಒಂದೇ ಬೆಲ್ಟು ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ.

ಇನ್ನು ಕಾಯುವುದು. ಅರ್ಧ ತಾಸು ಕನಿಷ್ಠ, ಒಂದು ತಾಸಾದರೆ ಒಳ್ಳೆಯದು. ಮೇಲಿನ ದಪ್ಪ ಹೋಸನ್ನು ಬಟ್ಟೆ ಹಿಡಿದು ಅದುಮಿ ನೋಡಿ, ಕಲ್ಲಿನಂತೆ ಬಿಗಿಯಾಗಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾದ ಮೇಲೆ ದಪ್ಪ ಮಸಿಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪವೇ ಸಡಿಲಿಸಿ, ಬುಸ್ಸೆನ್ನುವುದು ನಿಂತ ಮೇಲೆ ತೆಗೆಯಬೇಕು. ಎಂಜಿನ್ ಕೆಂಡವಾಗಿರುವಾಗ ತಣ್ಣೀರು ಸುರಿಯಬೇಡಿ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ದೋಸೆಗೆ ಒಳ್ಳೆಯದು, ಎಂಜಿನ್ನಿಗಲ್ಲ; ಲೋಹ ಬಿರುಕು ಬಿಡುತ್ತದೆ.

ಡಬ್ಬಿಯ ಮೇಲೆ ಎರಡು ಗೆರೆಗಳಿವೆ, ಕೂಲಂಟು ಅವೆರಡರ ನಡುವೆ ಇರಬೇಕು. ಗಿರಣಿಯ ಬಾಯ್ಲರಿನಲ್ಲಿ ದುಡಿದ ಹಿರಿಯರಿಗೆ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡದೆ ಪಾಳಿ ಶುರುವಾಗುತ್ತಿರಲಿಲ್ಲ. ಅದೇ ಕೆಲಸ ಇದು, ಎಂಜಿನ್ ತಣ್ಣಗಿರುವ ಬೆಳಿಗ್ಗೆ ಮಾಡತಕ್ಕದ್ದು. ರೇಡಿಯೇಟರಿನ ಮೇಲೆಯೇ ಬೇರೆ ಮುಚ್ಚಳವಿರುವ ಗಾಡಿಗಳಲ್ಲಿ ಒಂದು ಮೋಸ ನಡೆಯುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಡಬ್ಬಿ ತುಂಬಿದಂತೆ ಕಾಣುತ್ತದೆ, ರೇಡಿಯೇಟರು ಒಳಗೆ ಖಾಲಿಯಾಗಿರುತ್ತದೆ.

ಕೂಲಂಟು ಕಡಿಮೆಯಾಗಿದ್ದರೆ ಅದು ಎಲ್ಲಿಗೋ ಹೋಗಿದೆ ಎಂದೇ ಅರ್ಥ. ಹೋಸಿನ ತುದಿಗಳಲ್ಲಿ ಹಸಿರೋ ಬಿಳಿಯೋ ಕಲೆ ಕಟ್ಟಿದೆಯೆ? ಪಂಪಿನ ಕೆಳಗೆ ಹನಿ ಇದೆಯೆ? ಒಳಗೆ ಕಾಲಿನ ಹತ್ತಿರದ ಚಾಪೆ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದೆಯೆ? ಹಾಗಿದ್ದರೆ ಹೀಟರಿನ ಒಳಗೆ ಸೋರಿದೆ. ಸಿ.ಎನ್.ಜಿ. ಗಾಡಿಯವರು ಇನ್ನೊಂದನ್ನು ನೋಡಬೇಕು, ಬಹಳ ಮಂದಿ ಮಿಸ್ತ್ರಿಗಳೂ ಮರೆಯುವಂಥದು. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಅನಿಲ ರೆಡ್ಯೂಸರಿನಲ್ಲಿ ಹಿಗ್ಗುವಾಗ ಹಿಮದಂತೆ ತಣ್ಣಗಾಗುತ್ತದೆ. ಅದು ಹೆಪ್ಪುಗಟ್ಟದಂತೆ ಎಂಜಿನ್ನಿನ ಬಿಸಿ ಕೂಲಂಟನ್ನೇ ಎರಡು ಸಣ್ಣ ಹೋಸುಗಳಲ್ಲಿ ಅಲ್ಲಿಗೆ ತಂದಿರುತ್ತಾರೆ. ಆ ಹೋಸಿನ ಕ್ಲಾಂಪು ಸಡಿಲಾದರೆ ಹನಿಹನಿಯಾಗಿ ಖಾಲಿಯಾಗುತ್ತದೆ. ಗಾಡಿ ಗ್ಯಾಸಿನಲ್ಲಿ ಜಗ್ಗುತ್ತಿದೆ, ರೆಡ್ಯೂಸರಿನ ಮೇಲೆ ಬಿಳಿ ಇಬ್ಬನಿ ಕಟ್ಟಿದೆ ಎಂದಾದರೆ ಕೂಲಂಟು ನೋಡಿ. ನಮ್ಮವರೊಬ್ಬರಿಗೆ ಒಂದು ಗ್ಯಾರೇಜಿನವರು ಎಂಜಿನ್ ಇಳಿಸಬೇಕೆಂದರಂತೆ. ಇನ್ನೊಬ್ಬ ಮುದಿ ಮಿಸ್ತ್ರಿ ಬಾನೆಟ್ ತೆಗೆದು, ಆ ಕ್ಲಾಂಪನ್ನು ಸ್ಕ್ರೂಡ್ರೈವರಿನಿಂದ ಎರಡು ಸುತ್ತು ಬಿಗಿದು, ಚಹಾ ಕೊಡಿಸು ಅಂದನಂತೆ. ಎಂಜಿನ್ ಇಳಿಸಬೇಕಾದ ಪ್ರಸಂಗವೂ ಉಂಟು, ಇಲ್ಲವೆನ್ನುವುದಿಲ್ಲ. ಹೊಗೆನಳಿಕೆಯಿಂದ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ಟು ಹೋಗಿರಬಹುದು. ಈ ಗುರುತುಗಳಲ್ಲಿ ಯಾವುದನ್ನು ಕಂಡಿರಿ ಎಂದು ಗ್ಯಾರೇಜಿನವರನ್ನು ಕೇಳಿ, ತೋರಿಸಿ ಅನ್ನಿ. ಕೇಳುವವನಿಗೆ ಬಿಲ್ಲು ಬೇರೆ, ಕೇಳದವನಿಗೆ ಬೇರೆ ಎಂಬುದು ನಾವು ಈ ಶಹರದಲ್ಲಿ ಕಂಡ ಸತ್ಯ.

ಕೂಲಂಟು ಸರಿಯಾಗಿಯೇ ಇದ್ದು ದೀಪ ಹತ್ತಿದ್ದರೆ, ಯಾವಾಗ ಹತ್ತಿತು ಎಂಬುದು ಮುಖ್ಯ. ಸಿಗ್ನಲ್ಲಿನಲ್ಲಿ ನಿಂತಾಗ ಹತ್ತಿ, ಓಡಿದಾಗ ಆರಿದರೆ ರೇಡಿಯೇಟರಿನ ಪಂಖದ ಮೇಲೆ ಸಂಶಯ. ಎ.ಸಿ. ಹಾಕಿ ನೋಡಿ, ಪಂಖ ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ಆಮೇಲೆ ಮೋಟಾರು. ಎಷ್ಟೋ ಸಲ ಕೆಲವು ರೂಪಾಯಿಯ ಫ್ಯೂಸಿನಲ್ಲೇ ಮುಗಿಯುತ್ತದೆ. ಪಂಖ ತಾನಾಗಿ ತಿರುಗಬಹುದು, ಕೈ ದೂರವಿರಲಿ. ಘಾಟಿ ಹತ್ತುವಾಗ ಮಾತ್ರ ಹತ್ತಿದರೆ ರೇಡಿಯೇಟರಿನಲ್ಲಿ ಕಸ ಕಟ್ಟಿರಬಹುದು. ಮೇಲಿನ ಹೋಸು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟಿನ ಬಾಗಿಲು ತೆರೆದಿಲ್ಲ ಎಂದು ತಿಳಿಯಬಹುದು.

ಮಟ್ಟದ ದೀಪವುಳ್ಳ ಗಾಡಿಗಳಲ್ಲಿ ಡಬ್ಬಿ ತುಂಬಿದ್ದರೂ ದೀಪ ಆರದೆ ಇರುವುದುಂಟು. ಇಂಥ ಹಲವು ಡಬ್ಬಿಗಳೊಳಗೆ ತೇಲುವ ಒಂದು ಬಿರಡೆ, ಅದರಲ್ಲಿ ಅಯಸ್ಕಾಂತ. ರಾಡಿ ಕಟ್ಟಿದರೆ ಅದು ಕೆಳಗೇ ಅಂಟಿ ಕೂರುತ್ತದೆ. ಮಳೆಗಾಲದಲ್ಲಿ ಹತ್ತಿ ಬಿಸಿಲಿಗೆ ಆರಿದರೆ ವಯರಿನ ಕೊಂಡಿಯಲ್ಲಿ ಕಿಲುಬು ಹಿಡಿದಿದೆಯೆ ನೋಡಿ. ಆದರೆ ಸೆನ್ಸರಿನ ದೋಷ ಎಂಬುದು ಕೊನೆಯ ತೀರ್ಮಾನವಾಗಬೇಕು, ಮೊದಲನೆಯದಲ್ಲ. ಶಾಖದ ಸೆನ್ಸರೂ ಒಮ್ಮೊಮ್ಮೆ ಉಲ್ಟಾ ಮೋಸ ಮಾಡುತ್ತದೆ. ಕೂಲಂಟು ಪೂರಾ ಖಾಲಿಯಾದಾಗ ಅದು ಬರಿಯ ಗಾಳಿಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ತಾನಾಗಿ ಧಡಕ್ಕನೆ ಇಳಿದರೆ ಸಂತೋಷಪಡಬೇಡಿ.

ಬರಿಯ ನೀರು ಹುಯ್ದರೆ ಆಗದೆ ಎಂದು ಕೇಳುತ್ತೀರಿ. ದಾರಿಯಲ್ಲಿ ಗತಿಯಿಲ್ಲದಾಗ ಆದೀತು, ಗ್ಯಾರೇಜು ಮುಟ್ಟುವವರೆಗೆ. ನಿತ್ಯಕ್ಕೆ ಬೇಡ. ಬೋರಿನ ನೀರು ಕುದಿಸುವ ಹಂಡೆಯ ತಳದಲ್ಲಿ ಸುಣ್ಣದ ಪದರ ಕಟ್ಟುವುದನ್ನು ಕಂಡಿದ್ದೀರಿ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಅದೇ ಕಟ್ಟುತ್ತದೆ. ನಮ್ಮ ಕಡೆ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೆ ತುಕ್ಕನ್ನು ತಡೆಯುವ ಮದ್ದು ಕೂಲಂಟಿನಲ್ಲಿ ಇದೆ, ನೀರಿನಲ್ಲಿಲ್ಲ. ಅಂಗಡಿಯಲ್ಲಿ ಬೆರೆಸಿಯೇ ಮಾರುವುದೂ ಉಂಟು, ಗಟ್ಟಿಯದೂ ಉಂಟು; ಗಟ್ಟಿಯದಕ್ಕೆ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು, ಸಾಮಾನ್ಯವಾಗಿ ಸಮಪಾಲು. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಗೊಂದು. ಪುಸ್ತಕದಲ್ಲಿ ಬರೆದ ಜಾತಿಯನ್ನೇ ಕೊಳ್ಳಿ.

ಮನೆಯಲ್ಲಿ ಹೆಂಗಸರು, ಮಕ್ಕಳು ಇರುವುದರಿಂದ ಇದನ್ನೂ ಹೇಳಬೇಕು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ಚಾಳಿನ ಒಂದೇ ಖೋಲಿಯಲ್ಲಿ ಎಲ್ಲವನ್ನೂ ಇಡುವ ನಾವು ಉಳಿದ ಕೂಲಂಟನ್ನು ಶರಬತ್ತಿನ ಬಾಟಲಿಗೆ ಹುಯ್ದಿಡುವುದು ಎಂದೂ ಸಲ್ಲದು. ಮಗು ಕುಡಿದದ್ದು ತಿಳಿದರೆ, ಚೆನ್ನಾಗಿಯೇ ಕಂಡರೂ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು. ಸೋರಿದ್ದನ್ನು ಬೀದಿನಾಯಿ ನೆಕ್ಕದಂತೆ ತೊಳೆದುಬಿಡಿ.

ಗಣೇಶ ಚೌತಿಗೆ ಊರಿನ ಕಡೆ ಗಾಡಿ ತೆಗೆದುಕೊಂಡು ಹೋಗುವವರು ಡಿಕ್ಕಿಯಲ್ಲಿ ಒಂದು ಲೀಟರು ಕೂಲಂಟು, ಎರಡು ಕ್ಲಾಂಪು, ಫ್ಯೂಸುಗಳು, ಸ್ಕ್ರೂಡ್ರೈವರು, ದಪ್ಪ ಬಟ್ಟೆ, ಬ್ಯಾಟರಿ ದೀಪ ಇಟ್ಟುಕೊಳ್ಳಿ. ಸಭೆಯ ನಂತರ ಹೊರಗೆ ಅಂಗಳದಲ್ಲಿ ಒಂದು ಗಾಡಿಯ ಬಾನೆಟ್ ತೆಗೆದು ಈ ಹೋಸುಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತೇವೆ. ಮುಚ್ಚಳವನ್ನೂ ತೆಗೆಯುತ್ತೇವೆ. ಎಂಜಿನ್ ಆರಿಸಿ ಎರಡು ತಾಸು ಕಳೆದಿದೆ.