ಬಿಸಿಲ ಸೀಮೆಯಲ್ಲಿ ಬಿಸಿಲಿನ ಕೊರತೆ

(ಶತಮಾನೋತ್ಸವದ ಪಾಲಕರ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಜತ್ತ ಸೀಮೆಯವರಾದ ನಮಗೆ ಮಳೆಯ ಕೊರತೆ ಹೊಸದಲ್ಲ. ಬಿಸಿಲಿನ ಕೊರತೆಯೆಂದರೆ ನಗು ಬಂದೀತು. ಆದರೂ ಆ ಮಾತನ್ನೇ ಇಂದು ತಮ್ಮ ಮುಂದಿಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಾಲುನೋವೆಂದು ಪದೇ ಪದೇ ಕುಳಿತುಬಿಡುತ್ತಿದ್ದಳು. ಮೆಟ್ಟಿಲೇರುವಾಗ ಗೋಡೆ ಹಿಡಿಯುತ್ತಿದ್ದಳು. ಸೋಮಾರಿತನವೆಂದು ಬಗೆದು ನಾವು ಗದರಿಸಿದೆವು. ರಕ್ತಪರೀಕ್ಷೆಯಾದ ಮೇಲೆ, ಡಿ ಜೀವಸತ್ವ ತೀರ ಕಡಿಮೆಯಾಗಿದೆಯೆಂದು ವೈದ್ಯರು ತಿಳಿಸಿದರು. ಬೆಳಗ್ಗೆ ಟ್ಯೂಷನ್, ಹಗಲೆಲ್ಲ ವರ್ಗಕೋಣೆ, ಸಂಜೆ ಮನೆಗೆಲಸ. ಅವಳಿಗೆ ಬಿಸಿಲು ತಾಗುವ ವೇಳೆಯೇ ಇರಲಿಲ್ಲ. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟವರೂ ನಾವೇ.

ಸೂರ್ಯನ ನೇರಳಾತೀತ ಕಿರಣಗಳ ನೆರವಿನಿಂದ ಚರ್ಮವು ಡಿ ಜೀವಸತ್ವವನ್ನು ತಾನೇ ತಯಾರಿಸುತ್ತದೆ. ಯಕೃತ್ತು ಹಾಗೂ ಮೂತ್ರಪಿಂಡಗಳು ಅದನ್ನು ಬಳಕೆಗೆ ಸಿದ್ಧಗೊಳಿಸುತ್ತವೆ. ಅದಿಲ್ಲದೆ ಉಂಡ ಕ್ಯಾಲ್ಸಿಯಂ ಮೈಗೂಡದು. ಎಳೆಯ ಮಕ್ಕಳಲ್ಲಿ ರಿಕೆಟ್ಸ್ ತಲೆದೋರಿ ಕಾಲುಗಳು ಬಾಗುತ್ತವೆ. ದೊಡ್ಡವರಲ್ಲಿ ಎಲುಬು ಮೆದುವಾಗಿ ಸೊಂಟ, ತೊಡೆಗಳು ನೋಯುತ್ತವೆ. ಬಸುರಿಯಲ್ಲಿರುವ ಕೊರತೆ ಹುಟ್ಟುವ ಕೂಸಿಗೂ ಬರುತ್ತದೆ.

2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 14, 5ರಿಂದ 9 ವರ್ಷದವರಲ್ಲಿ ಶೇ. 18, 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿಗೆ ಈ ಕೊರತೆಯಿತ್ತು. ವಯಸ್ಸಿನೊಡನೆ ಕೊರತೆಯೂ ಏರಿದೆ. ಮಕ್ಕಳನ್ನು ಒಳಗೆ ಕೂಡಿಸುವುದರಲ್ಲಿ ಶಾಲೆಯ ಪಾಲೆಷ್ಟೆಂದು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮ ಜೋಳದ ರೊಟ್ಟಿ, ಬೇಳೆ, ಪಲ್ಯಗಳು ಸತ್ವಯುತವಾದರೂ ಅವುಗಳಲ್ಲಿ ಡಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯ ಹಳದಿ, ಕೊಬ್ಬುಳ್ಳ ಮೀನು, ಜೀವಸತ್ವ ಬೆರೆಸಿದ ಹಾಲು–ಎಣ್ಣೆಗಳಲ್ಲಿ ಅದು ದೊರೆಯುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಪ್ರಯೋಜನವಿಲ್ಲ. ಹೊತ್ತು ಹುಟ್ಟುವಾಗಿನ ಎಳೆಬಿಸಿಲು ಹಿತವಾದರೂ ಅದರಲ್ಲಿ ಬೇಕಾದ ಕಿರಣಗಳು ಅತ್ಯಲ್ಪ. ಹೊತ್ತೇರಿದ ಮೇಲೆಯೇ ಅವು ನೆಲ ಮುಟ್ಟುತ್ತವೆ. ನಮ್ಮಂಥ ಕಂದು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು.

ಆದ್ದರಿಂದ ಹತ್ತನೆಯ ತರಗತಿಯೂ ಸೇರಿದಂತೆ ಎಲ್ಲರಿಗೂ ಹನ್ನೊಂದರ ಸುಮಾರಿಗೆ ಬಯಲಾಟದ ಅವಧಿಯನ್ನಿಟ್ಟಿದ್ದೇವೆ. ಅದನ್ನು ಯಾವ ವಿಷಯಕ್ಕೂ ಬಿಟ್ಟುಕೊಡೆವು. ಕಡುಬೇಸಿಗೆಯಲ್ಲಿ ಮಾತ್ರ ಹೊತ್ತನ್ನು ಮೊಟಕುಗೊಳಿಸಿ ನೀರು, ನೆರಳುಗಳ ವ್ಯವಸ್ಥೆ ಮಾಡುತ್ತೇವೆ.

ಪಾಲಕರಲ್ಲಿ ನಮ್ಮ ಬಿನ್ನಹ ಎರಡು. ಕಪ್ಪಾಗುವರೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳನ್ನು ಒಳಗೆ ಕೂಡಿಸಬೇಡಿರಿ. ವೈದ್ಯರು ಹೇಳದೆ ಗುಳಿಗೆ, ಪುಡಿಗಳನ್ನು ಕೊಡಬೇಡಿರಿ; ವಾರಕ್ಕೊಮ್ಮೆಯ ಔಷಧವನ್ನು ದಿನವೂ ನುಂಗಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಮೂತ್ರಪಿಂಡಕ್ಕೆ ಕೇಡಾಗುತ್ತದೆ.

ಆ ವಿದ್ಯಾರ್ಥಿನಿ ಚಿಕಿತ್ಸೆಯಿಂದ ಚೇತರಿಸಿಕೊಂಡು, ಮರುವರ್ಷ ಖೋಖೋ ತಂಡದಲ್ಲಿ ಓಡಿದಳು. ಅವಳನ್ನು ಗದರಿಸಿದ ನಮ್ಮ ಮಾತು ಮಾತ್ರ ನಮ್ಮನ್ನು ಇಂದಿಗೂ ಚುಚ್ಚುತ್ತದೆ. ನೂರು ವರ್ಷ ಕನ್ನಡದ ಅಕ್ಷರವನ್ನು ಉಳಿಸಿಕೊಂಡು ಬಂದ ಈ ಶಾಲೆಯು ಅದನ್ನು ಕಲಿಯುವ ಮಕ್ಕಳ ಮೈಯನ್ನೂ ಕಾಯಲೆಂದು ಹಾರೈಸುತ್ತೇವೆ.