ಎಂಬತ್ತೇಳರಲ್ಲೊಂದು ಅಳತೆಯ ಮರಗೆಲಸ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ರೈಲುಹಾದಿಗಳ ಮೇಲೆ ಧಾನ್ಯ, ಹತ್ತಿ, ಮರಮುಟ್ಟು ಹೊತ್ತು ಓಡಿದ ಗೂಡ್ಸ್ ಬೋಗಿಗಳು ಬಹುಪಾಲು ಮರದವು. ಇಂದು ಉಳಿದಿರುವವು ತೀರ ಕಡಿಮೆ. ಉಗಿ ಇಂಜಿನ್ನನ್ನು ಕಾಪಿಡಲು ಅಭಿಮಾನಿಗಳಿದ್ದರು. ಆದರೆ ಹಳೆಯ ಗೂಡ್ಸ್ ಬೋಗಿಯ ಮರವನ್ನು ಸುಟ್ಟು ಕಬ್ಬಿಣವನ್ನಷ್ಟೇ ಆಯ್ದುಕೊಳ್ಳುತ್ತಿದ್ದರು. ಆ ಮರಗೆಲಸದ ಒಳಗುಟ್ಟನ್ನು ಇಂದು ಅರಿಯಬೇಕಾದರೆ, ಕಡ್ಡಿಯಿಂದ ಕಡ್ಡಿ ಜೋಡಿಸಿ ಮಾದರಿ ಕಟ್ಟುವುದೇ ಬಹಳ ಒಳ್ಳೆಯ ದಾರಿ ಎಂಬುದು ನನ್ನ ವಾದ.

ಹೊರೆ ಬಿದ್ದ ಉದ್ದನೆಯ ಮರದ ತೊಲೆ ನಡುವೆ ಜಗ್ಗುತ್ತದೆ. ಅದಕ್ಕೇ ಬೋಗಿಯ ಅಡಿಯಲ್ಲಿ ತುದಿಯಿಂದ ತುದಿಗೆ ಕಬ್ಬಿಣದ ಸರಳುಗಳನ್ನು ಎಳೆದು, ನಡುವಿನ ತಿರುಪನ್ನು ಆಗಾಗ ಬಿಗಿ ಮಾಡುತ್ತಿದ್ದರು. ಒಂದು ಕಂಪನಿಯ ಬೋಗಿ ಇನ್ನೊಂದರ ಹಾದಿಯಲ್ಲಿ ಕೆಟ್ಟು ನಿಂತರೆ ಯಾವ ಭಾಗ ಬೇಕೆಂದು ಹೇಳುವುದೇ ಕಷ್ಟವಾಗಿತ್ತು, ಏಕೆಂದರೆ ಊರಿಗೊಂದು ಹೆಸರು. ಈ ಗೊಂದಲ ನೀಗಿಸಲು 1879ರಲ್ಲಿ ಬೋಗಿ ಕಟ್ಟುವವರ ಸಚಿತ್ರ ನಿಘಂಟು ಹೊರಬಂತು. ಮುಂದೆ ಮಾದರಿ ಕಟ್ಟುವ ಹವ್ಯಾಸಿಗಳಿಗೂ ಅದೇ ಆಧಾರವಾಯಿತು. ಉಕ್ಕು ಬಂದ ಮೇಲೂ ಮರ ಒಮ್ಮೆಗೇ ಹೋಗಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ರೈಲ್ವೆ ಆಡಳಿತ ರೂಪಿಸಿದ ಮುಚ್ಚಿದ ಬೋಗಿಗಳಿಗೆ ಅಡಿಗಟ್ಟು ಉಕ್ಕಿನದು, ಗೋಡೆ ಹಲಗೆಯದು.

ಈ ಹವ್ಯಾಸಿಗಳಿಗಾಗಿ 1934ರಲ್ಲಿ ಮಿಲ್ವಾಕಿಯಿಂದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹೊರಟಿತು. ಮರುವರ್ಷ ಹುಟ್ಟಿದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಚಕ್ರ, ಹಳಿಗಳ ಅಳತೆಯನ್ನು ಒಂದುಗೂಡಿಸಿದ್ದರಿಂದ ಒಬ್ಬರು ಕಟ್ಟಿದ ಬೋಗಿ ಇನ್ನೊಬ್ಬರ ಹಳಿಯ ಮೇಲೂ ಓಡುವಂತಾಯಿತು. ಹೆಚ್ಚು ಬಳಕೆಯ ಎಚ್‌ಒ ಅಳತೆಯಲ್ಲಿ, ಅಂದರೆ ಎಂಬತ್ತೇಳರಲ್ಲೊಂದರಲ್ಲಿ, 36 ಅಡಿಯ ಬೋಗಿ ಸುಮಾರು 126 ಮಿಲಿಮೀಟರ್ ಉದ್ದ. ಪ್ಲಾಸ್ಟಿಕ್ ಅಚ್ಚು ಮರದ ಮಾದರಿಗಿಂತ ನಿಖರವಲ್ಲವೇ ಎಂದು ಕೇಳಬಹುದು. ಹೊರನೋಟಕ್ಕೆ ಹೌದು. ಮಾದರಿಯ ಮರದಲ್ಲಿ ಒಂದು ಮಿಲಿಮೀಟರ್ ಅಗಲದ ನಾರಿನ ಗೆರೆ ಕಂಡರೆ ಅದು ನಿಜದ ಹಲಗೆಯಲ್ಲಿ 87 ಮಿಲಿಮೀಟರ್ ಆದೀತು. ನಯವಾದ ಎಳೆಗಳಿರುವ ಬಾಸ್‌ವುಡ್ ಮರವನ್ನು ಆರಿಸುವುದು ಇದಕ್ಕಾಗಿಯೇ. ಆದರೆ ಅಚ್ಚಿನ ಗೋಡೆ ಒಂದೇ ಹಾಳೆ. ತೊಲೆ ಮೊದಲೋ ಹಲಗೆ ಮೊದಲೋ, ಯಾವುದು ಯಾವುದರ ಭಾರ ಹೊರುತ್ತದೆ ಎಂಬುದನ್ನು ಅದು ಹೇಳಲಾರದು.

ಮಾದರಿ ಪುರಾವೆಯಲ್ಲ, ಊಹೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಕ್ಷೆ ಇಲ್ಲದ ಕಡೆ ಅದು ನಿಜ, ಮತ್ತು ಕಟ್ಟಿದವರು ಅದನ್ನು ಬರೆದಿಡಬೇಕು. ಆದರೂ ನಕ್ಷೆ ಮುಚ್ಚಿಡುವ ತಪ್ಪು ಕಟ್ಟುವಾಗ ಬಯಲಾಗುತ್ತದೆ. ಬ್ರೇಕಿನ ಸರಳು ಅಡಿಯ ಬಿಗಿಸರಳಿಗೆ ಅಡ್ಡ ಬಂದರೆ, ನಕ್ಷೆಯಾದರೂ ತಪ್ಪಿರಬೇಕು, ನಮ್ಮ ಓದಾದರೂ ತಪ್ಪಿರಬೇಕು. ಕಟ್ಟುವವರು ಹಳೆಯ ಛಾಯಾಚಿತ್ರಗಳನ್ನು ಮತ್ತೆ ಹುಡುಕಲೇಬೇಕು.